ಹತ್ತಿದ್ದು ಒಬ್ಬರ ವಿಮಾನ, ಜಮಾ ಇನ್ನೊಬ್ಬರ ಖಾತೆದಾಗ

ನಮ್ಮ ಓಣಿಯೊಳಗ ಬಾಣಂತನಕ್ಕಂತ ಅಮೇರಿಕಾಕ್ಕ ಹೋಗಿ ಬಂದ ಹೆಣ್ಮಕ್ಕಳನ್ನ ಎಣಿಸಲಿಕ್ಕೆ ಎರಡೂ ಕೈಯ ಬೆರಳು ಸಾಲೂದಿಲ್ಲ. ಅಂಟಿನ ಉಂಡಿ, ಮೆಂತೆ ಹಿಟ್ಟು, ಖಾರಪುಡಿ, ಕೂಸಿನ ಕುಂಚಿಗಿ ಎಲ್ಲಾ ತೂಕ ಮಾಡಿ ಮಾಡಿ ಸೂಟ್‌ಕೇಸಿನ್ಯಾಗ ತುಂಬತೇವಿ. 23 ಕಿಲೋದ ಮ್ಯಾಲೆ ಒಂದು ಹಿಡಿ ಹೆಚ್ಚಾತು ಅಂದ್ರ ತಗದು ಪರ್ಸಿನ್ಯಾಗರ ಹಾಕೋತೇವಿ, ಬಿಡೂದಿಲ್ಲ. ಇಷ್ಟು ಲೆಕ್ಕ ಇಡೋ ಮಂದಿನ ಆ ಟಿಕೀಟಿನ ಜೋಡಿ ತಮಗ ಬರಬೇಕಾದ ಒಂದು ವಸ್ತು ವಿಮಾನದಾಗ ಬಿಟ್ಟು ಇಳಿದು ಬರ್ತಾರ. ಅದಕ್ಕ ಮೈಲ್ಸ್ ಅಂತಾರ.

"ಅದೆಲ್ಲಾ ವಾರಕ್ಕೊಮ್ಮೆ ವಿಮಾನ ಹತ್ತೋ ಸಾಹೇಬರ ಕೆಲಸ, ನಮಗ್ಯಾಕ ಬೇಕದು" ಅಂತ ನಮ್ಮ ಅತ್ತಿಗಿ ಅಂತಿರ್ತಾರ. ಸುರುವಿಗೆ ಖರೇನ ಹಂಗ ಇತ್ತು. ಆದ್ರ ಇದರ ಇತಿಹಾಸ ಕೆದರಿದ್ರ ಬೇರು ಇರೋದು ಅಡಿಗಿಮನಿಯೊಳಗ. ಮತ್ತ, ಒಂದು ಕಂಪನಿಯ ವಿಮಾನ ಹತ್ತಿ ಇನ್ನೊಂದು ಕಂಪನಿಯ ಖಾತೆಗೆ ಮೈಲು ಜಮಾ ಮಾಡಸೋ ಪದ್ಧತಿ ಬಂದ ಮ್ಯಾಲೆ, ಎರಡು ವರ್ಷಕ್ಕೊಮ್ಮೆ ಹಾರೋ ನಮ್ಮಂಥವರಿಗೂ ಇದು ಕೈಗೆ ಸಿಗೋ ಹಂಗಾತು. ಮಗಳು-ಅಳಿಯ ಕೆಲಸಕ್ಕ ಹೋಗಿ, ಕೂಸು ಮಲಗಿದ ಮ್ಯಾಲೆ ಅಲ್ಲೆ ಮಾಡಲಿಕ್ಕೆ ಇನ್ನೇನಿರ್ತದ? ಕೂತು ಇದನ್ನ ಓದಿದೆ. ಪಿಯುಸಿಯೊಳಗ ಕಾಮರ್ಸ್ ತಗೊಂಡಾಕಿ ನಾನು, ಜಮಾ-ಖರ್ಚು ಅಂದ್ರ ಈಗೂ ಕಿವಿ ನೆಟ್ಟಗಾಗ್ತಾವ.

ಅಮೇರಿಕಾದಾಗ 1896ರೊಳಗ ಸ್ಪೆರ್ರಿ ಮತ್ತ ಹಚಿನ್ಸನ್ ಅಂತ ಇಬ್ಬರು ಕೂಡಿ ಒಂದು ಕಂಪನಿ ತಗದ್ರು. ಅವರು ಮಾರ್ತಿದ್ದದ್ದು ಹಸಿರು ಬಣ್ಣದ ಸಣ್ಣ ಸಣ್ಣ ಚೀಟಿ, ಪೋಸ್ಟಿನ ಸ್ಟ್ಯಾಂಪ್ ಹಂಗ. ಕಿರಾಣಿ ಅಂಗಡಿಯವರು ಆ ಚೀಟಿ ಕೊಂಡು ಇಟ್ಕೊಳ್ಳೋದು, ಸಾಮಾನು ತಗೊಂಡ ಗಿರಾಕಿಗೆ ಖರ್ಚಿನ ಲೆಕ್ಕದಾಗ ಇಷ್ಟಿಷ್ಟು ಅಂತ ಕೊಡೋದು. ಮನಿ ಹೆಣ್ಮಕ್ಕಳು ಅದನ್ನ ಒಂದು ಪುಸ್ತಕದಾಗ ಅಂಟಸೋದು. ಪುಸ್ತಕ ತುಂಬಿದ ಮ್ಯಾಲೆ ಕೊಟ್ಟು ದೀಪ, ಬಾಂಡೆ, ಹೊದಿಕಿ ಏನು ಬೇಕೋ ತಗೊಳ್ಳೋದು. ನಮ್ಮಲ್ಲೆ ಹಳೇ ಸೀರಿ ಕೊಟ್ಟು ಸ್ಟೀಲಿನ ಬೋಗೋಣಿ ತಗೋತಿದ್ವಿ ನೆನಪದನಲ್ಲ, ಚಹಾಪುಡಿ ಪಾಕೀಟಿನ ಕೂಪನ್ ಕತ್ತರಿಸಿ ಡಬ್ಬಿಯೊಳಗ ಹಾಕಿ ಇಡ್ತಿದ್ವಿ, ಅದೇ ಜಾತಿಯದು. ಆದ್ರ ಹಸಿರು ಚೀಟಿಯೊಳಗ ಒಂದು ಶಾಣ್ಯಾತನ ಇತ್ತು. ಚೀಟಿ ಒಂದ ಅಂಗಡಿದಲ್ಲ. ಕಿರಾಣಿ ಅಂಗಡಿ, ಪೆಟ್ರೋಲ್ ಪಂಪು, ಬಟ್ಟಿ ಅಂಗಡಿ ಎಲ್ಲಾ ಕಡೆ ಅದೇ ಚೀಟಿ ಸಿಗತಿತ್ತು, ಎಲ್ಲಾ ಅಂಟೋದು ಮಾತ್ರ ಒಂದ ಪುಸ್ತಕದಾಗ. ಅಲ್ಲೊಂದು ಇಲ್ಲೊಂದು ಖರೀದಿ ಮಾಡಾಕಿಗೂ ಪುಸ್ತಕ ತುಂಬತಿತ್ತು. ಈ ಮಾತು ಸ್ವಲ್ಪ ತಲಿಯೊಳಗ ಇಟ್ಕೋರಿ, ಮುಂದ ಬೇಕಾಗ್ತದ.

ವಿಮಾನ ಕಂಪನಿಯವರಿಗೆ ಆ ಕಾಲಕ್ಕ ಇಂಥಾ ಚೀಟಿ ಹಂಚೋ ಗರಜೇ ಇರಲಿಲ್ಲ. ಯಾವ ಊರಿಂದ ಯಾವ ಊರಿಗೆ ಯಾರು ಹಾರಬೇಕು, ಟಿಕೀಟಿಗೆ ಎಷ್ಟು ತಗೋಬೇಕು ಅನ್ನೋದನ್ನ ಅಲ್ಲಿಯ ಸರಕಾರದ ಮಂಡಳಿನ ಠರಾಯಿಸ್ತಿತ್ತು. ಎಲ್ಲಾರದೂ ಒಂದ ರೇಟು ಅಂದ ಮ್ಯಾಲೆ ಗಿರಾಕಿ ಜಗ್ಗಲಿಕ್ಕೆ ಊಟ ಛಲೋ ಕೊಡೋದು, ಕುರ್ಚಿ ಮೆತ್ತಗ ಮಾಡೋದು, ಅಷ್ಟ. ಟೆಕ್ಸಾಸ್‌ದಾಗ ಮಾತ್ರ ಸೌತ್‌ವೆಸ್ಟ್ ಅನ್ನೋ ಒಂದು ಸಣ್ಣ ಕಂಪನಿ 1970ರ ದಶಕದಾಗ ಒಂದು ಯುಕ್ತಿ ಮಾಡ್ತು. ಸಾಹೇಬ ಯಾವ ವಿಮಾನಕ್ಕ ಹೋಗ್ತಾನ ಅನ್ನೋದನ್ನ ಖರೆ ನಿರ್ಧಾರ ಮಾಡಾಕಿ ಯಾರು? ಫೋನ್ ಹಚ್ಚಿ ಟಿಕೀಟು ಬುಕ್ ಮಾಡೋ ಆಫೀಸಿನ ಸೆಕ್ರೆಟರಿ. ಆಕಿ ತಮ್ಮ ಕಂಪನಿಯ ಟಿಕೀಟು ತಗದ್ರ ಆಕಿಗೆ ಒಂದೊಂದು ಚೀಟಿ ಕೊಡ್ತಿದ್ರು. ಇಷ್ಟು ಚೀಟಿ ಕೂಡಿದ್ರ ಆಕಿಗೆ ಒಂದು ಪುಕ್ಕಟ ಪ್ರಯಾಣ. ಓದಿ ನನಗ ಭಾಳ ಖುಷಿ ಆತು. ದುಡಿದಾಕಿ ಕೈಗೆ ಚೀಟಿ ಬಂತಲ್ಲಾ ಅಂತ.

1978ರ ಅಕ್ಟೋಬರದಾಗ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಕಾಯ್ದೆಗೆ ಸಹಿ ಹಾಕಿದ್ರು. ರೇಟಿನ ಮ್ಯಾಲಿನ ಸರಕಾರದ ಹಿಡಿತ ಸಡಲಾತು. ಹೊಸಾ ಹೊಸಾ ಕಂಪನಿ ಬಂದು ಅಗ್ಗದ ಟಿಕೀಟು ಮಾರಲಿಕ್ಕೆ ಹತ್ತಿದ್ರು, ದೊಡ್ಡ ಕಂಪನಿಯವರಿಗೆ ಎದಿ ಝಲ್ ಅಂತು. 1979ರಾಗ ಟೆಕ್ಸಾಸ್ ಇಂಟರ್‌ನ್ಯಾಷನಲ್ ಅನ್ನೋ ಕಂಪನಿ ಮೊದಲ ಸಲ ಹಾರಿದ ಮೈಲು ಎಣಿಸಿ ಬಹುಮಾನ ಕೊಡೋ ಪದ್ಧತಿ ತಂತು. ದೊಡ್ಡ ಗದ್ದಲ ಆದದ್ದು 1981ರ ಮೇ 1ಕ್ಕ. ಅಮೇರಿಕನ್ ಏರ್‌ಲೈನ್ಸ್‌ನವರು ಅಡ್ವಾಂಟೇಜ್ ಅನ್ನೋ ಯೋಜನಾ ಹೊರಗ ತಂದ್ರು. ಆವಾಗ ಅವರ ಹತ್ರ ಸೇಬರ್ ಅಂತ ದೊಡ್ಡ ಕಂಪ್ಯೂಟರ್ ಇತ್ತು, ಟಿಕೀಟು ಎಲ್ಲಾ ಅದರಾಗ ದಾಖಲ. ಅದರೊಳಗ ಮತ್ತ ಮತ್ತ ಬರೋ ಫೋನ್ ನಂಬರ್ ಹುಡುಕಿ ಹುಡುಕಿ, ಇವರೇ ನಮ್ಮ ಖಾಯಂ ಗಿರಾಕಿ ಅಂತ ಯಾದಿ ಮಾಡಿದ್ರಂತ. ನಮ್ಮ ಕಿರಾಣಿ ಅಂಗಡಿಯ ಶೆಟ್ಟರಿಗೆ ಇದಕ್ಕ ಕಂಪ್ಯೂಟರ್ ಬೇಕಾಗಿರಲಿಲ್ಲ ಬಿಡ್ರಿ, ಮಾರಿ ನೋಡಿದ್ರ ಸಾಕಿತ್ತು. ಸ್ವಲ್ಪ ದಿನದಾಗ ಯುನೈಟೆಡ್ ಕಂಪನಿ ತನ್ನದೊಂದು ತಗೀತು, ಅದೇ ವರ್ಷ ಡೆಲ್ಟಾನೂ ತಗೀತು.

ಮೈಲು ಅಂದ್ರ ಎಷ್ಟು ಅಂತ ಸಣ್ಣವರು ಕೇಳ್ತಾರ. ಒಂದು ಮೈಲಿಗೆ 1.6 ಕಿಲೋಮೀಟರ್. ನಮ್ಮ ಅಜ್ಜಿ ಹರದಾರಿ ಲೆಕ್ಕದಾಗ ಮಾತಾಡ್ತಿದ್ಲು, ಮೂರು ಮೈಲಿಗೆ ಒಂದು ಹರದಾರಿ ಅಂತ. ನಮ್ಮ ದೇಶದಾಗ ಮೈಲಿಗಲ್ಲಿನ ಮ್ಯಾಲೆ ಕಿಲೋಮೀಟರ್ ಬರದು ಎಷ್ಟೋ ವರ್ಷ ಆತು, ವಿಮಾನದ ಖಾತೆಯೊಳಗ ಮಾತ್ರ ಮೈಲು ಹಂಗ ಉಳದದ.

ಈಗ ಮುಖ್ಯ ಮಾತಿಗೆ ಬರ್ತೇನಿ. ಒಂದು ಕಂಪನಿ ಎಷ್ಟ ದೊಡ್ಡದಿದ್ರೂ ಜಗತ್ತಿನ ಎಲ್ಲಾ ಊರಿಗೆ ಹೋಗೂದಿಲ್ಲ. ಅಮೇರಿಕಾದ ಊರೂರು ತಿರುಗಿ ಮೈಲು ಕೂಡಿಸಿದಾಂವ, ಹೆಂಡತಿ ಕರಕೊಂಡು ನಮ್ಮ ಕಂಪನಿ ಹೋಗದ ದೇಶಕ್ಕ ಹೋಗತೇನಿ ಅಂದ್ರ? ಅದಕ್ಕ ಬ್ಯಾರೆ ದೇಶದ ಕಂಪನಿ ಜೋಡಿ ಕರಾರು ಮಾಡಿಕೊಳ್ಳಲಿಕ್ಕೆ ಸುರು ಮಾಡಿದ್ರು. ಹಿಂದಿಂದ ಬಾಡಿಗಿ ಕಾರು, ಹೊಟೇಲು ಬಂದ್ವು. 1987ರಾಗ ಸಿಟಿಬ್ಯಾಂಕಿನ ಕ್ರೆಡಿಟ್ ಕಾರ್ಡ್ ಬಂತು, ಬೆಂಡೆಕಾಯಿ ತಗೊಂಡ್ರೂ ಅಮೇರಿಕನ್ ಏರ್‌ಲೈನ್ಸಿನ ಮೈಲು. ಹಸಿರು ಚೀಟಿಯ ಪುಸ್ತಕ ಮತ್ತ ಹುಟ್ಟಿ ಬಂತು ನೋಡ್ರಿ. ಅಂಗಡಿ ಹತ್ತಾರು, ಪುಸ್ತಕ ಒಂದ.

ಇದರೊಳಗ ಲಾಭ ಯಾರಿಗೆ ಅಂತ ನಾನು ಭಾಳ ಹೊತ್ತು ತಲಿ ಕೆಡಿಸಿಕೊಂಡೆ. ಒಬ್ಬರ ವಿಮಾನ ಹತ್ತಿದ್ರ ಇನ್ನೊಬ್ಬರು ಯಾಕ ಪುಕ್ಕಟ ಮೈಲು ಕೊಡಬೇಕು? ಪುಕ್ಕಟ ಅಲ್ಲ ಅದು. ನಾನು 'ಅ' ಕಂಪನಿಯ ವಿಮಾನ ಹತ್ತಿ 'ಬ' ಕಂಪನಿಯ ಖಾತೆ ನಂಬರ್ ಕೊಟ್ಟೆ ಅಂತ ತಿಳೀರಿ. ನನ್ನ ಖಾತೆಗೆ ಬಿದ್ದ ಅಷ್ಟೂ ಮೈಲಿನ ಬೆಲೆ 'ಅ' ಕಂಪನಿ 'ಬ' ಕಂಪನಿಗೆ ರೊಕ್ಕದಾಗ ಕೊಡ್ತದ. ನಾಳೆ ನಾನು ಆ ಮೈಲು ಖರ್ಚು ಮಾಡಿ 'ಕ' ಕಂಪನಿಯ ವಿಮಾನ ಹತ್ತಿದ್ರ 'ಬ' ಕಂಪನಿ 'ಕ' ಕಂಪನಿಗೆ ರೊಕ್ಕ ಕೊಡ್ತದ. ನಡುವ ನಾನು ಮರತು ಬಿಟ್ಟೆ, ಅವಧಿ ಮುಗೀತು ಅಂದ್ರ, 'ಬ' ಕಂಪನಿಗೆ ಬಂದ ರೊಕ್ಕ ಬಂದಂಗ ಉಳೀತು. ಬ್ಯಾಂಕಿನವರೂ ಹಂಗ, ಸೋಪಿನ ಕಂಪನಿಯವರೂ ಹಂಗ, ಮೈಲು ಸಗಟಿನ್ಯಾಗ ಕೊಂಡು ಗಿರಾಕಿಗೆ ಹಂಚತಾರ. ವಿಮಾನ ಹಾರಸೋದಕ್ಕಿಂತ ಮೈಲು ಮಾರೋ ದಂಧೆ ಛಲೋ ಅಂತ ಆಮ್ಯಾಲೆ ತಿಳೀತು ಅವರಿಗೆ. 2020ರಾಗ ಕೊರೋನಾ ಬಂದು ವಿಮಾನ ಎಲ್ಲಾ ನೆಲಾ ಹಿಡದು ಕೂತಾಗ, ಯುನೈಟೆಡ್ ಕಂಪನಿಯವರು ತಮ್ಮ ಮೈಲಿನ ಯೋಜನಾನ ಒತ್ತಿ ಇಟ್ಟು 6.8 ಬಿಲಿಯನ್ ಡಾಲರ್ ಎತ್ತಿದ್ರು. ಬಂಗಾರ ಒತ್ತಿ ಇಟ್ಟಂಗ! ಮೈಲಿನ ಯೋಜನಾಕ್ಕ ಅವರು ಕಟ್ಟಿದ ಬೆಲೆ ಸುಮಾರು 22 ಬಿಲಿಯನ್. ಆವಾಗಿನ ಶೇರು ಪ್ಯಾಟಿಯೊಳಗ ಇಡೀ ಕಂಪನಿಯ ಬೆಲೆ ಅದಕ್ಕಿಂತ ಕಡಿಮಿ ಇತ್ತು. ನಾವು ಪಾಪ, ಬ್ಯಾಡ ಅಂತ ಬಿಟ್ಟು ಬರೋ ವಸ್ತುದ ಕಿಮ್ಮತ್ತು ನೋಡ್ರಿ.

ಪಾಯಸದ ಕತಿ ಹೇಳದಿದ್ರ ಈ ಇತಿಹಾಸ ಸಪ್ಪಗಾಗ್ತದ. 1999ರಾಗ ಅಮೇರಿಕಾದ ಹೆಲ್ದಿ ಚಾಯ್ಸ್ ಅನ್ನೋ ತಿನಿಸಿನ ಕಂಪನಿ ಒಂದು ಜಾಹೀರಾತು ಕೊಡ್ತು. ತಮ್ಮ ಮಾಲಿನ ಮ್ಯಾಲಿನ 10 ಲೇಬಲ್ ಕಳಿಸಿದ್ರ 500 ಮೈಲು, ಲಗೂನ ಕಳಿಸಿದವರಿಗೆ ಡಬಲ್, ಅಂದ್ರ 1,000. ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಅನ್ನೋ ಸಿವಿಲ್ ಇಂಜಿನಿಯರ್ ಅಂಗಡಿ ಅಂಗಡಿ ತಿರುಗಿ ನೋಡಿದ್ರ, ಅದೇ ಕಂಪನಿಯ ಪುಡ್ಡಿಂಗಿನ ಸಣ್ಣ ಕಪ್ಪು ಒಂದಕ್ಕ 25 ಸೆಂಟಿನ್ಯಾಗ ಸಿಗಲಿಕ್ಕೆ ಹತ್ತಿತ್ತು. ಲೆಕ್ಕ ಮಾಡ್ರಿ, ಎರಡೂವರಿ ಡಾಲರಿಗೆ 1,000 ಮೈಲು! ಆ ಮನಷ್ಯಾ ಒಂದಲ್ಲ ಎರಡಲ್ಲ, 12,150 ಕಪ್ಪು ಕೊಂಡ. ಒಟ್ಟು ಖರ್ಚು 3,140 ಡಾಲರ್. ಇಷ್ಟ್ಯಾಕಪ್ಪಾ ಅಂತ ಕೇಳಿದವರಿಗೆ, 2000ನೇ ಇಸ್ವಿ ಬಂದ್ರ ಕಂಪ್ಯೂಟರ್ ಎಲ್ಲಾ ಕೆಡ್ತಾವಂತಲ್ಲ, ಅದಕ್ಕ ಕೂಡಿಡ್ಲಿಕ್ಕೆ ಹತ್ತೇನಿ ಅಂತ ಹೇಳಿದ. ಲೇಬಲ್ ಸುಲಿದು ಸುಲಿದು ಮನಿಮಂದಿಗೆ ಸಾಕಾತು. ಆವಾಗ ಪುಡ್ಡಿಂಗ್ ಎಲ್ಲಾ ಸಾಲ್ವೇಶನ್ ಆರ್ಮಿ ಅನ್ನೋ ಸೇವಾಸಂಸ್ಥಾಕ್ಕ ದಾನಾ ಕೊಟ್ಟ, ಅವರ ಸ್ವಯಂಸೇವಕರು ಲೇಬಲ್ ಸುಲಿದು ಕೊಟ್ರು. ದಾನಾ ಕೊಟ್ಟಿದ್ದಕ್ಕ ತೆರಿಗಿಯೊಳಗ ಬ್ಯಾರೆ ಸೂಟು. ಬಂದ ಮೈಲು ಸುಮಾರು 12.5 ಲಕ್ಷ. ಇದನ್ನ ಇಟಕೊಂಡು 2002ರಾಗ ಪಂಚ್-ಡ್ರಂಕ್ ಲವ್ ಅನ್ನೋ ಸಿನೇಮಾದಾಗೂ ಪುಡ್ಡಿಂಗ್ ಕೊಳ್ಳಾಂವನ ಪಾತ್ರ ಬಂತು. ಎಲ್ಲಾರೂ ಆ ಇಂಜಿನಿಯರನ ಶಾಣ್ಯಾತನ ಹೊಗಳತಾರ. ನನಗ ಮಾತ್ರ ಲೇಬಲ್ ಸುಲಿದವರ ಉಗುರಿನ ಚಿಂತಿ.

ಇಬ್ಬಿಬ್ಬರು ಕೂಡಿ ಮಾಡಿಕೊಂಡ ಕರಾರು ಮುಂದ ದೊಡ್ಡ ಗುಂಪು ಆತು. 1989ರಿಂದ ಹಾಲೆಂಡಿನ ಕೆಎಲ್‌ಎಂ ಮತ್ತ ಅಮೇರಿಕಾದ ನಾರ್ತ್‌ವೆಸ್ಟ್ ಜೋಡಿಯಾಗಿದ್ವು. 1997ರ ಮೇ 14ಕ್ಕ ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್, ಯುನೈಟೆಡ್ ಅನ್ನೋ ಐದು ಕಂಪನಿ ಕೂಡಿ ಸ್ಟಾರ್ ಅಲಯನ್ಸ್ ಕಟ್ಟಿದ್ವು. 1999ರಾಗ ಬ್ರಿಟಿಷ್ ಏರ್‌ವೇಸ್, ಅಮೇರಿಕನ್, ಕ್ಯಾಥೆ ಪೆಸಿಫಿಕ್, ಕ್ವಾಂಟಾಸ್ ಮತ್ತ ಕೆನೇಡಿಯನ್ ಕೂಡಿ ಒನ್‌ವರ್ಲ್ಡ್, 2000ದಾಗ ಏರ್ ಫ್ರಾನ್ಸ್, ಡೆಲ್ಟಾ ಮತ್ತಿಬ್ಬರು ಕೂಡಿ ಸ್ಕೈಟೀಮ್. ನಮ್ಮ ಮಂದಿ ಹೆಚ್ಚಿಗಿ ಹತ್ತೋ ಸಿಂಗಪುರದ ವಿಮಾನ 2000ದಾಗ ಸ್ಟಾರ್‌ಗೆ ಸೇರಿತು, ಕತಾರಿನದು 2013ರಾಗ ಒನ್‌ವರ್ಲ್ಡ್‌ಗೆ. ದುಬೈದ ಎಮಿರೇಟ್ಸ್ ಯಾವ ಗುಂಪಿಗೂ ಸೇರಿಲ್ಲ, ತನಗ ಬೇಕಾದವರ ಜೋಡಿ ಬಿಡಿ ಬಿಡಿ ಕರಾರು ಇಟ್ಕೊಂಡದ.

ಇದೆಲ್ಲಾ ನಮ್ಮ ಭಿಶಿ ಹಂಗ ಅಂತ ನೀವು ಅನಬಹುದು. ಹಂಗಲ್ಲ. ಭಿಶಿಯೊಳಗ ಎಲ್ಲಾರ ರೊಕ್ಕ ಒಂದ ಗಂಟಿನ್ಯಾಗ ಬೀಳ್ತದ. ಇಲ್ಲೆ ಪ್ರತಿ ಕಂಪನಿಯ ಪುಸ್ತಕ ಬ್ಯಾರೆ ಬ್ಯಾರೆನ. ಲುಫ್ತಾನ್ಸಾದ ಪುಸ್ತಕದಾಗ ಬಿದ್ದ ಮೈಲು ತಗದು ಏರ್ ಇಂಡಿಯಾದ ಪುಸ್ತಕಕ್ಕ ಹಾಕಲಿಕ್ಕೆ ಬರೂದಿಲ್ಲ. ಒಂದು ಪ್ರಯಾಣದ ಮೈಲು ಒಂದ ಪುಸ್ತಕಕ್ಕ, ಎರಡಕ್ಕ ಅಲ್ಲ. ಯಾವ ಪುಸ್ತಕ ಅನ್ನೋದು ಮಾತ್ರ ನಮ್ಮ ಕೈಯಾಗ ಅದ. ಒಮ್ಮೆ ಲುಫ್ತಾನ್ಸಾ, ಇನ್ನೊಮ್ಮೆ ಸಿಂಗಪುರ, ಮತ್ತೊಮ್ಮೆ ಏರ್ ಇಂಡಿಯಾ ಅಂತ ಯಾವುದು ಅಗ್ಗ ಅದನ್ನ ಹತ್ತಿ ಹೋಗೋ ನಾವು, ಮೂರು ಪುಸ್ತಕ ಇಟ್ರ ಮೂರೂ ಅರ್ಧಮರ್ಧ ತುಂಬಿ ಅವಧಿ ಮುಗೀತಾವ. ಮೂರು ಸಲಾನೂ ಒಂದ ಪುಸ್ತಕದ ನಂಬರ್ ಕೊಟ್ರ ಏನರ ಕೈಗೆ ಹತ್ತತದ. ಮ್ಯಾಲಿಂದ ಮ್ಯಾಲೆ ಹಾರೋ ಸಾಹೇಬರಿಗೆ ಒಂದ ಕಂಪನಿಯೊಳಗೂ ಪುಸ್ತಕ ತುಂಬತದ. ಪಾರ್ಟ್ನರ್ ಗರಜು ಇರೋದು ನಮಗ.

ನಮ್ಮ ದೇಶದ ಮಂದಿಗೆ ಈ ಬಾಗಿಲು ತಗದದ್ದು ಭಾಳ ತಡಾ ಆಗಿ. ಬೆಂಗಳೂರಿನ ಕಿಂಗ್‌ಫಿಷರ್ 2005ರಾಗ ಹಾರಲಿಕ್ಕೆ ಸುರು ಮಾಡ್ತಲ್ಲ, ಅದು ಒನ್‌ವರ್ಲ್ಡ್ ಸೇರೋದು 2012ರ ಫೆಬ್ರವರಿಗೆ ಅಂತ ಠರಾವಾಗಿತ್ತು. ಇನ್ನೇನು ಸೇರಬೇಕು ಅನ್ನೋದ್ರಾಗ ಕಂಪನಿಯ ರೊಕ್ಕದ ಪರಿಸ್ಥಿತಿ ಕೆಟ್ಟು ಅದು ನಿಂತು ಹೋತು, ಅದೇ ವರ್ಷ ಅಕ್ಟೋಬರದಾಗ ಹಾರಾಟನೂ ಬಂದಾತು. ಅದರ ಕಿಂಗ್ ಕ್ಲಬ್ಬಿನ್ಯಾಗ ಮಂದಿ ಕೂಡಿಸಿ ಇಟ್ಟಿದ್ದ ಮೈಲು ನೀರಾಗ ಹೋತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕ ನಿಂತಾಗ ಮಾತ್ರ ಹಂಗಾಗಲಿಲ್ಲ. ಯಾಕಂದ್ರ ಅದರ ಮೈಲಿನ ಖಾತೆ ನೋಡ್ತಿದ್ದ ಕಂಪನಿನ ಬ್ಯಾರೆ ಇತ್ತು. ಅದು ಹೆಸರು ಬದಲಿ ಮಾಡಿ ಇಂಟರ್‌ಮೈಲ್ಸ್ ಅಂತ ಆಗಿ ಖಾತೆ ಉಳಿಸಿಕೊಳ್ತು. ಅಂಗಡಿ ಮುಚ್ಚಿದ್ರೂ ಚೀಟಿ ಪುಸ್ತಕ ಉಳೀತು ಅಂದಂಗ. ಹಸಿರು ಚೀಟಿಯವರು ನೂರು ವರ್ಷದ ಹಿಂದ ಮಾಡಿದ್ದೂ ಇದನ್ನ, ಪುಸ್ತಕ ಬ್ಯಾರೆ, ಅಂಗಡಿ ಬ್ಯಾರೆ.

ಏರ್ ಇಂಡಿಯಾಕ್ಕ ಸ್ಟಾರ್ ಅಲಯನ್ಸಿನ ಕರೆ ಬಂದದ್ದು 2007ರಾಗ. 2011ರಾಗ ಶರತ್ತು ಪೂರಾ ಆಗಿಲ್ಲ ಅಂತ ತಡದ್ರು. ಕಡೀಕೆ 2014ರ ಜುಲೈ 11ಕ್ಕ ಸೇರಿಸಿಕೊಂಡ್ರು. ಮದುವಿ ಮಾತುಕತಿ ಏಳು ವರ್ಷ ಎಳದಂಗ ಆತು. ಅವತ್ತಿಂದ ಬೆಂಗಳೂರಿನ್ಯಾಗ ಲುಫ್ತಾನ್ಸಾ ಹತ್ತಿದಾಕಿ ತನ್ನ ಮೈಲು ಏರ್ ಇಂಡಿಯಾದ ಪುಸ್ತಕಕ್ಕ ಹಾಕಸಬಹುದು, ಊರಿಗೆ ಬಂದ ಮ್ಯಾಲೆ ಇಲ್ಲೇ ದೇಶದೊಳಗ ಅದನ್ನ ಖರ್ಚು ಮಾಡಬಹುದು.

ಮಗಳ ಊರಿನ ದಾರಿದ್ದ ಲೆಕ್ಕ ಹೇಳ್ತೇನಿ. ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ಸುಮಾರು 4,600 ಮೈಲು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಕ್ಕ ಸುಮಾರು 5,700. ಹೋಗಿ ಬರೋದು ಹಿಡದ್ರ 20,000ದ ಮ್ಯಾಲೆ. 2021ರ ಜನವರಿಯೊಳಗ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಸೀದಾ ವಿಮಾನ ಬಿಟ್ಟಾಗ, ಮೊದಲನೇದನ್ನ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತ ಅವರ ಜೋಡಿ ಬರೇ ಹೆಣ್ಮಕ್ಕಳ ನಡೆಸಿಕೊಂಡು ಬಂದ್ರಲ್ಲ, ಆ ದಾರಿ ನಕಾಶೆದ ಮ್ಯಾಲೆ 8,700ರ ಆಸುಪಾಸು. ಸುತ್ತು ಹಾಕಿ ಹೋದಾಕಿಗೆ ಮೈಲು ಹೆಚ್ಚು, ಸೀದಾ ಹೋದಾಕಿಗೆ ಕಡಿಮಿ. ಇದನ್ನ ನೋಡಿ, ಬರೇ ಮೈಲಿನ ಆಶಾಕ್ಕ ಸುತ್ತು ಹಾಕಿ ಹಾಕಿ ತಿರುಗೋ ಮಂದಿನೂ ಅಮೇರಿಕಾದಾಗ ಹುಟ್ಟಿಕೊಂಡ್ರು. ಮೊಣಕಾಲು ಗಟ್ಟಿ ಇದ್ದವರು ಅಂತ ಕಾಣಸ್ತದ.

ಆದ್ರ ಹಾರಿದ ಅಷ್ಟೂ ಮೈಲು ಸಿಗತಾವ ಅಂತ ತಿಳೀಬ್ಯಾಡ್ರಿ. ಟಿಕೀಟಿನ ಮ್ಯಾಲೆ ಒಂದು ಇಂಗ್ಲಿಷ್ ಅಕ್ಷರ ಇರ್ತದ, ಅದು ನಿಮ್ಮ ಟಿಕೀಟಿನ ದರ್ಜೆ. ಹಿಂದ-ಮುಂದ ಒಂದ ಥರದ ಕುರ್ಚಿಯೊಳಗ ಕೂತ ಇಬ್ಬರಿಗೂ ಅಕ್ಷರ ಬ್ಯಾರೆ ಇರಬಹುದು. ಒಬ್ಬಾಕಿಗೆ ಪೂರಾ ಮೈಲು, ಇನ್ನೊಬ್ಬಾಕಿಗೆ ಅರ್ಧ, ಭಾಳ ಅಗ್ಗದ ಟಿಕೀಟಿಗೆ ಕಾಲುಭಾಗ, ಒಮ್ಮೊಮ್ಮೆ ಏನೂ ಇಲ್ಲ. 2015ರಾಗ ಡೆಲ್ಟಾ ಮತ್ತ ಯುನೈಟೆಡ್, ಮರು ವರ್ಷ ಅಮೇರಿಕನ್, ತಮ್ಮ ಸ್ವಂತ ವಿಮಾನಕ್ಕ ದೂರ ಎಣಿಸೋದು ಬಿಟ್ಟು ಕೊಟ್ಟ ರೊಕ್ಕ ಎಣಿಸಲಿಕ್ಕೆ ಹತ್ತಿದ್ರು. ಏರ್ ಇಂಡಿಯಾನೂ 2024ರಾಗ ಅದೇ ದಾರಿ ಹಿಡೀತು. ಹೆಸರು ಮೈಲು, ಅಳತಿ ರೂಪಾಯಿ. ಕಂಪನಿಗೆ ಮನಸ್ಸು ಬಂದಾಗ ಸೇರು ಬದಲಿ ಮಾಡ್ತಾರ, ಕೇಳೋರಿಲ್ಲ. ನಿನ್ನೆ 20,000ಕ್ಕ ಸಿಗತಿದ್ದ ಟಿಕೀಟು ಇವತ್ತು 25,000 ಅಂದ್ರ ನಾವು ಸುಮ್ನ ಕೂಡಬೇಕು. ಅದಕ್ಕ ಭಾಳ ವರ್ಷ ಕೂಡಿಡೋ ಮಾಲಲ್ಲ ಇದು. ಬಂಗಾರ ಅಲ್ಲ, ಕೊತ್ತಂಬರಿ.

ಮೈಲು ಯಾರದು ಅನ್ನೋ ಜಗಳ ಬ್ಯಾರೆ ಅದ. ಆಫೀಸು ಟಿಕೀಟಿನ ರೊಕ್ಕ ಕೊಡ್ತದ, ಗಂಡಸು ಹಾರ್ತಾನ, ಮೈಲು ಅಂವನ ಹೆಸರಿಗೆ. ಜರ್ಮನಿಯೊಳಗ 2002ರಾಗ ಇದು ದೊಡ್ಡ ರಾಜಕೀಯ ಗದ್ದಲ ಆತು. ಸರಕಾರಿ ಪ್ರಯಾಣದಾಗ ಬಂದ ಮೈಲು ಸ್ವಂತಕ್ಕ ಬಳಸಿದ್ರು ಅಂತ ಗ್ರೆಗೋರ್ ಗೀಸಿ ಬರ್ಲಿನ್ನಿನ ಮಂತ್ರಿ ಪದವಿ ಬಿಟ್ರು, ಚೆಮ್ ಓಜ್ದೆಮಿರ್ ಅನ್ನೋ ಸಂಸದರೂ ತಮ್ಮ ಪಕ್ಷದ ಹೊಣೆ ಬಿಟ್ರು. ಅದೇ ವರ್ಷ ಅಮೇರಿಕಾದ ತೆರಿಗಿ ಇಲಾಖೆಯವರು, ನೌಕರಿ ಪ್ರಯಾಣದ ಮೈಲಿಗೆ ನಾವು ತೆರಿಗಿ ಕೇಳೂದಿಲ್ಲ ಅಂತ ಹೇಳಿ ಕೈ ತೊಳಕೊಂಡ್ರು.

ನಮ್ಮಂಥವರ ವಿಷಯದಾಗ ಈ ಜಗಳ ಇಲ್ಲ. ಟಿಕೀಟು ಅಳಿಯ ತಗದಿರಲಿ, ಮಗ ತಗದಿರಲಿ, ಮೈಲು ಕುರ್ಚಿಯೊಳಗ ಕೂತಾಕಿದು. ಕಾಲು ಬಾತದ್ದು ಯಾರವು, ಮೈಲು ಅವರದು. ಗಂಡನ ಖಾತೆಗೆ ಹಾಕತೇನಿ ಅಂದ್ರೂ ಆಗೂದಿಲ್ಲ. ಇದು ನನಗ ಭಾಳ ಸೇರಿತು. ಮನಿ ಇವರ ಹೆಸರಿಗೆ, ಗ್ಯಾಸು ಇವರ ಹೆಸರಿಗೆ, ಬ್ಯಾಂಕಿನ್ಯಾಗ ನಂದು ಎರಡನೇ ಹೆಸರು. ನನ್ನ ಹೆಸರು ಒಂದ ಇರೋ ಖಾತೆ ಅಂದ್ರ ಮಗಳು 2016ರಾಗ ತಗದುಕೊಟ್ಟ ಈ ಮೈಲಿನ ಖಾತೆ.

ಹೆಸರಿನ ಮ್ಯಾಲೇನ ಪಂಚಾಯ್ತಿ ಬಂದದ್ದೂ ಖರೆ. ನಮ್ಮ ಕಡೆ ಮದುವಿಯೊಳಗ ಅಕ್ಕಿಯ ತಟ್ಟೆದಾಗ ಉಂಗುರಲೆ ಹೊಸಾ ಹೆಸರು ಬರಸ್ತಾರಲ್ಲ. ಸಾಲಿ ಸರ್ಟಿಫಿಕೇಟಿನ್ಯಾಗ ಒಂದು, ಪಾಸ್‌ಪೋರ್ಟಿನ್ಯಾಗ ಇನ್ನೊಂದು. ಪಾಸ್‌ಪೋರ್ಟಿನ್ಯಾಗ ಗಂಡನ ಹೆಸರು ನಡುವ, ಅಡ್ಡಹೆಸರು ಕಡೀಕೆ. ವಿಮಾನದ ಟಿಕೀಟಿನ್ಯಾಗ ಅದೆಲ್ಲಾ ಸಂದಿ ಇಲ್ಲದಂಗ ಕೂಡಿಸಿ, ಹಿಂದ ಎಂಆರ್‌ಎಸ್ ಹಚ್ಚಿ ರೈಲು ಡಬ್ಬಿ ಮಾಡಿರ್ತಾರ. ಎರಡನೇ ಸಲ ಹೋಗಿ ಬಂದಾಗ ವಾಪಸ್ ಬಂದ ಪ್ರಯಾಣದ ಮೈಲು ಜಮಾನ ಆಗಲಿಲ್ಲ. ಯಾವ ಕಂಪನಿ ಅನ್ನೋದು ಬ್ಯಾಡ. ಬರದು ಕೇಳಿದ್ರ, ಟಿಕೀಟಿನ ಹೆಸರು ಖಾತೆಯ ಹೆಸರಿಗೆ ಹೊಂದಿಕಿ ಇಲ್ಲ ಅಂತ ಉತ್ತರ. ನಾನು ಬಿಡಲಿಲ್ಲ. ಬೋರ್ಡಿಂಗ್ ಪಾಸ್ ಇತ್ತು, ಟಿಕೀಟಿನ 13 ಅಂಕಿಯ ನಂಬರ್ ಇತ್ತು, ಪಾಸ್‌ಪೋರ್ಟಿನ ಝೆರಾಕ್ಸ್ ಇತ್ತು. ನಾಲ್ಕು ಸಲ ಕಳಿಸಿದೆ. "ಇಷ್ಟು ಸಣ್ಣದಕ್ಕ ಯಾಕಿಷ್ಟು ಹಟಾ" ಅಂದ್ರು ಇವರು. ಸಣ್ಣದಂತ, 10,000 ಮೈಲು! ಮೂರು ತಿಂಗಳಿಗೆ ಜಮಾ ಆತು.

ಆ ಮೈಲು ಕೂಡಿಸಿ ಗದಗಿನ ಅಕ್ಕನ ಜೋಡಿ ಕಾಶಿಗೆ ಹೋದೆ. ಮೈಲು ಗಳಿಸೋದು ತನ್ನ ಹೆಸರಿಗಷ್ಟ ಆದ್ರೂ, ಖರ್ಚು ಮಾಡೋದು ಬೇಕಾದವರಿಗೆ ಮಾಡಬಹುದು. ಖಾತೆಯೊಳಗ ಅವರ ಹೆಸರು ಮೊದಲ ನೊಂದಾಯಿಸಬೇಕು ಅಷ್ಟ. ಹೋಗೋದು ಇಬ್ಬರದೂ ಮೈಲಿನ ಮ್ಯಾಲೆ, ಬರೋದು ರೈಲಿನ್ಯಾಗ. ವಿಮಾನ ನಿಲ್ದಾಣದ ತೆರಿಗಿ ಮಾತ್ರ ರೊಕ್ಕದಾಗ ಕೊಡಬೇಕಾತು, ಪುಕ್ಕಟ ಅನ್ನೋ ಟಿಕೀಟಿಗೂ ಅದು ತಪ್ಪೂದಿಲ್ಲ. ಅಕ್ಕ ಅದಕ್ಕಿಂತ ಮೊದಲ ವಿಮಾನ ಹತ್ತಿದಾಕಿ ಅಲ್ಲ. ಕಿಟಕಿ ಕಡೆ ಕೂಡಿಸಿದೆ. "ಇದು ಅಳಿಯಂದಿರ ರೊಕ್ಕ ಏನು?" ಅಂತ ಕಿವಿಯಾಗ ಕೇಳಿದಳು. "ಅಲ್ಲ, ನನ್ನ ಬೆನ್ನುನೋವಿಂದು" ಅಂದೆ.

ದೀಪಾವಳಿ ಮುಗಿಸಿಕೊಂಡು ಹೊಂಟವರು ಇಬ್ಬರು-ಮೂವರು ಕೇಳ್ಯಾರ, ಅವರಿಗೆ ಅಂತ ಬರೀತೇನಿ. ಟಿಕೀಟು ತಗಿಯೋ ಮೊದಲ ಖಾತೆ ತಗೀರಿ, ಅದಕ್ಕ ರೊಕ್ಕ ಬೀಳೂದಿಲ್ಲ. ಹೆಸರು ಪಾಸ್‌ಪೋರ್ಟಿನ್ಯಾಗ ಹೆಂಗದ ಹಂಗ ಅಕ್ಷರಾ ಅಕ್ಷರಾ ಕೂಡಿಸಿ ಬರೀರಿ. ನೀವು ಹತ್ತೋ ವಿಮಾನ ಯಾವ ಗುಂಪಿಂದು ಅಂತ ಮಕ್ಕಳಿಗೆ ಕೇಳ್ರಿ, ಆ ಗುಂಪಿನ್ಯಾಗ ನಿಮಗ ಮುಂದ ಖರ್ಚು ಮಾಡಲಿಕ್ಕೆ ಸೋವಿ ಆಗೋ ಕಂಪನಿಯ ಪುಸ್ತಕ ಹಿಡೀರಿ. ನಮಗ ದೇಶದೊಳಗ ಅನುಕೂಲ ಅಂದ್ರ ಏರ್ ಇಂಡಿಯಾ. ಮೊದಲ ಫ್ಲೈಯಿಂಗ್ ರಿಟರ್ನ್ಸ್ ಅಂತಿದ್ದ ಅದರ ಪುಸ್ತಕಕ್ಕ 2024ರಾಗ ವಿಸ್ತಾರಾ ಬಂದು ಕೂಡಿದ ಮ್ಯಾಲೆ ಮಹಾರಾಜ ಕ್ಲಬ್ ಅಂತ ಹೆಸರು ಆಗೇದ. ವಿಸ್ತಾರಾದ ಹಳೇ ಖಾತೆ ಇದ್ದವರು ಅದರ ಗಂಟು ಇದಕ್ಕ ಬಂದದನೋ ಇಲ್ಲೋ ನೋಡಿಕೊಳ್ರಿ. ಚೆಕ್-ಇನ್ ಕಟ್ಟಿಗೆ ನಿಂತಾಗ ಆ ಹುಡುಗಿಗೆ ನಂಬರ್ ತೋರಿಸಿ, ಬೋರ್ಡಿಂಗ್ ಪಾಸಿನ ಮ್ಯಾಲೆ ಅದು ಅಚ್ಚಾಗೇದ ಅಂತ ಕಣ್ಣಲೆ ನೋಡಿನ ಮುಂದ ಸರೀರಿ, ಹಿಂದಿನವರು ಗೊಣಗಲಿ. ವಾಪಸ್ ಬರೋವಾಗ ಮತ್ತೊಮ್ಮೆ ತೋರಸ್ರಿ. ಹಿಂದಿನ ಪ್ರಯಾಣದ್ದು ಬಿಟ್ಟು ಹೋಗಿದ್ರೂ ಭಾಳ ಕಂಪನಿಯವರು ಕೆಲವು ತಿಂಗಳ ತನಕ ಕೇಳಲಿಕ್ಕೆ ಅವಕಾಶ ಇಟ್ಟಿರ್ತಾರ. ಅದಕ್ಕ ಬೋರ್ಡಿಂಗ್ ಪಾಸ್ ಇಳಿದ ಕೂಡಲೆ ಕಸದ ಡಬ್ಬಿಗೆ ಒಗೀಬ್ಯಾಡ್ರಿ. ಫೋಟೋ ತಗದು ಮಗಳಿಗೆ ವಾಟ್ಸಪ್ ಮಾಡ್ರಿ, ಮೂಲ ಚೀಟಿ ಮಾತ್ರ ನಿಮ್ಮ ಪರ್ಸಿನ್ಯಾಗನ ಇರಲಿ.